ಆಟದಲ್ಲಿ ಸಿಕ್ಕ ಗೆಳೆಯರು: ಮೊಬೈಲಿನ ಆ ಬದಿಗೆ ಇರುವವರು ಯಾರು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲ್ಲೂಕುಗಳ ಯಾವ ಊರಿಗೆ ಹೋದರೂ ಸಂಜೆಯ ಹೊತ್ತಿಗೆ ಒಂದು ನೋಟ ಕಾಣಸಿಗುತ್ತದೆ. ಬಸ್ ನಿಲ್ದಾಣದ ಹಿಂದೆ, ಗುಡಿಯ ಕಟ್ಟೆಯ ಮೇಲೆ, ಬೇವಿನ ಗಿಡದ ಬುಡದಲ್ಲಿ ಹುಡುಗರು ಸಾಲಾಗಿ ಕುಳಿತಿರುತ್ತಾರೆ. ಎಲ್ಲರ ಕಣ್ಣೂ ಮೊಬೈಲಿನ ಮೇಲೆ. ಆದರೆ ಬಾಯಿ ಸುಮ್ಮನಿರುವುದಿಲ್ಲ. "ಎಡಕ್ಕ ಬಾರೋ", "ನಾ ಅದೀನಿ, ಅಂಜಬ್ಯಾಡ" ಎಂದು ಯಾರಿಗೋ ಕೂಗಿ ಹೇಳುತ್ತಿರುತ್ತಾರೆ. ಆ 'ಯಾರೋ' ಪಕ್ಕದಲ್ಲಿ ಕುಳಿತವನೂ ಇರಬಹುದು, ಪುಣೆಯಲ್ಲಿರುವವನೂ ಇರಬಹುದು, ಒಮ್ಮೆಯೂ ಮುಖ ನೋಡದ ಅಸ್ಸಾಮಿನ ಹುಡುಗನೂ ಇರಬಹುದು.

ಜ್ವರಕ್ಕೋ ಹೊಟ್ಟೆನೋವಿಗೋ ಮಗನನ್ನು ಕರೆದುಕೊಂಡು ಬರುವ ತಂದೆ-ತಾಯಿಯರು ಔಷಧಿಯ ಚೀಟಿ ಬರೆಸಿಕೊಂಡ ಮೇಲೆ ಮೆಲ್ಲಗೆ ಈ ವಿಷಯ ತೆಗೆಯುತ್ತಾರೆ. "ಡಾಕ್ಟ್ರ, ರಾತ್ರಿ ಹನ್ನೆರಡರ ತನಕ ಮೊಬೈಲಿನ್ಯಾಗ ಯಾರ ಜೋಡಿ ಮಾತಾಡ್ತಾನೋ ಏನೋ ರೀ. ಕಸಗೊಂಡು ಒಗೀಲೇನು?" ಎಂಬುದು ಅವರ ಪ್ರಶ್ನೆ. ಆಟ ಎಷ್ಟು ಹೊತ್ತು ಆಡಬೇಕು, ಕಣ್ಣಿಗೆ ಎಷ್ಟು ಹಾನಿ ಎಂಬುದರ ಬಗ್ಗೆ ಈಗಾಗಲೇ ಬಹಳ ಬರೆಯಲಾಗಿದೆ. ಆದರೆ ಆ ಮಾತಿನ ಬಗ್ಗೆ, ಆ ಗೆಳೆತನದ ಬಗ್ಗೆ ಬರೆದದ್ದು ಕಡಿಮೆ. ಈ ವಾರ ಅದನ್ನೇ ನೋಡೋಣ.

ಆಟದೊಳಗಿನ ಮಾತು ಎಂದರೇನು?

ಈಗಿನ ಬಹಳಷ್ಟು ಮೊಬೈಲ್ ಆಟಗಳು ಒಬ್ಬರೇ ಆಡುವಂಥವಲ್ಲ. ನಾಲ್ಕೈದು ಜನ ತಂಡ ಕಟ್ಟಿಕೊಂಡು ಆಡುತ್ತಾರೆ. ತಂಡದವರು ಒಬ್ಬರಿಗೊಬ್ಬರು ಮಾತನಾಡಲು, ಬರೆದು ಕಳಿಸಲು ಆಟದಲ್ಲಿಯೇ ಅನುಕೂಲವಿರುತ್ತದೆ. ಮೊದಮೊದಲು ಮಾತೆಲ್ಲ ಆಟದ್ದೇ. ಯಾವ ಮೂಲೆಯಲ್ಲಿ ಅಡಗಬೇಕು, ಯಾರು ಮುಂದೆ ಹೋಗಬೇಕು ಎಂಬಷ್ಟೇ. ಕೆಲವು ವಾರ ಕಳೆದ ಮೇಲೆ ಮಾತು ಬೇರೆ ಕಡೆಗೆ ಹೊರಳುತ್ತದೆ. ಕ್ರಿಕೆಟ್, ಸಿನಿಮಾ, ಹೊಸ ಮೊಬೈಲಿನ ಬೆಲೆ, ಸಾಕಿದ ಪಾರಿವಾಳ, ಪರೀಕ್ಷೆಯ ಅಂಕ. ಮುಂದೆ ಒಂದು ದಿನ "ಇವತ್ತ ಅಪ್ಪ ಹೊಡದ" ಎಂಬ ಮಾತೂ ಬರುತ್ತದೆ. ಆ ಬದಿಯಿಂದ "ಯಾಕೋ, ಏನಾತು?" ಎಂಬ ಪ್ರಶ್ನೆ ಬರುತ್ತದೆ.

ನಮ್ಮ ಕಾಲದಲ್ಲಿ ಚಿನ್ನಿದಾಂಡು, ಗೋಲಿ, ಚೌಕಾಬಾರ ಆಡುವಾಗ ನಡೆಯುತ್ತಿದ್ದುದೂ ಇದೇ ಅಲ್ಲವೇ? ಹುಡುಗರು, ಅದರಲ್ಲೂ ಹದಿಹರೆಯದವರು, ಎದುರುಬದುರು ಕುಳಿತು ಮನಸ್ಸಿನ ಮಾತು ಆಡುವುದು ಅಪರೂಪ. ಕೈಗೆ ಒಂದು ಕೆಲಸ, ಕಣ್ಣಿಗೆ ಒಂದು ಆಟ ಇದ್ದರೆ ಮಾತು ತಾನಾಗಿ ಹೊರಬರುತ್ತದೆ.

ಒಂಟಿತನ ಮತ್ತು ದೇಹ

ಇದರಲ್ಲಿ ವೈದ್ಯರಿಗೇನು ಕೆಲಸ ಎಂದು ನೀವು ಕೇಳಬಹುದು. ಸಂಗಾತಿಗಳಿಲ್ಲದಿರುವುದು ಮನಸ್ಸಿಗೆ ಮಾತ್ರ ತೊಂದರೆ ಎಂದು ಹಿಂದೆ ತಿಳಿಯಲಾಗಿತ್ತು. ದೀರ್ಘಕಾಲದ ಒಂಟಿತನದಲ್ಲಿ ದೇಹ ಸದಾ ಅಪಾಯ ಎದುರಿಸುತ್ತಿರುವಂತೆ ನಡೆದುಕೊಳ್ಳುತ್ತದೆ ಎಂಬುದು ಈಗ ತಿಳಿದುಬಂದಿದೆ. ಕಾರ್ಟಿಸಾಲ್‌ನಂತಹ ಒತ್ತಡದ ಹಾರ್ಮೋನುಗಳಲ್ಲಿ ಏರುಪೇರಾಗುತ್ತದೆ, ನಿದ್ರೆ ಆಳವಾಗಿ ಬರುವುದಿಲ್ಲ, ರಕ್ತದೊತ್ತಡ ಏರುವ ಸಂಭವವಿರುತ್ತದೆ. ಹೃದ್ರೋಗ, ಪಾರ್ಶ್ವವಾಯು, ಖಿನ್ನತೆ ಇವುಗಳ ಅಪಾಯ ಹೆಚ್ಚುತ್ತದೆ.

2010ರಲ್ಲಿ ಅಮೆರಿಕದ ಸಂಶೋಧಕರು 148 ಅಧ್ಯಯನಗಳಲ್ಲಿದ್ದ 3 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಜನರೊಡನೆ ಒಳ್ಳೆಯ ಸಂಬಂಧ ಇಟ್ಟುಕೊಂಡವರು ಬದುಕುಳಿಯುವ ಸಾಧ್ಯತೆ, ಇಲ್ಲದವರಿಗಿಂತ ಶೇಕಡಾ 50ರಷ್ಟು ಹೆಚ್ಚು ಎಂದು ಕಂಡುಬಂತು. 2023ರಲ್ಲಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದ ಡಾ. ವಿವೇಕ್ ಮೂರ್ತಿ, ಇವರ ಹಿರಿಯರು ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯವರು, ಒಂಟಿತನವನ್ನು ಒಂದು ಆರೋಗ್ಯ ಸಮಸ್ಯೆಯೆಂದೇ ಪರಿಗಣಿಸಬೇಕೆಂದು ತಮ್ಮ ದೇಶದ ಜನರಿಗೆ ಎಚ್ಚರಿಕೆ ನೀಡಿದರು. 2025ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು ವರದಿ ಕೊಟ್ಟಿತು. ಜಗತ್ತಿನಲ್ಲಿ ಪ್ರತಿ 6 ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. ವರ್ಷಕ್ಕೆ ಸುಮಾರು 8 ಲಕ್ಷ 71 ಸಾವಿರ ಸಾವುಗಳಿಗೆ ಅದರ ಸಂಬಂಧವಿದೆ ಎಂದು ಆ ವರದಿ ಹೇಳುತ್ತದೆ. 13ರಿಂದ 29 ವರ್ಷದವರಲ್ಲಿ ಶೇಕಡಾ 17ರಿಂದ 21ರಷ್ಟು ಮಂದಿ ತಮಗೆ ಒಂಟಿತನ ಅನ್ನಿಸುತ್ತದೆ ಎಂದು ಹೇಳಿಕೊಂಡಿದ್ದಾರೆ. ಒಂಟಿತನ ಮುದುಕರ ಕಾಯಿಲೆ ಎಂಬ ನಮ್ಮ ಎಣಿಕೆ ತಪ್ಪು.

ಮೊಬೈಲಿನ ಗೆಳೆತನವೂ ಕಟ್ಟೆಯ ಗೆಳೆತನದಷ್ಟೇ ಆಯುಷ್ಯ ಹೆಚ್ಚಿಸುತ್ತದೆ ಎಂದು ಈ ಅಂಕಿಗಳ ಅರ್ಥವಲ್ಲ. ಮನುಷ್ಯನಿಗೆ ಮನುಷ್ಯ ಬೇಕು ಎಂಬುದಷ್ಟೇ ಇವುಗಳಿಂದ ತಿಳಿಯುವುದು. ನಿಮ್ಮ ಮಗ ಆಟದಲ್ಲಿ ಹುಡುಕುತ್ತಿರುವುದು ಅದನ್ನೇ ಇರಬಹುದು.

ನಾರ್ವೆಯ ಒಬ್ಬ ಯುವಕ

ಮ್ಯಾಟ್ಸ್ ಸ್ಟೀನ್ ಎಂಬಾತ ನಾರ್ವೆ ದೇಶದವನು, 1989ರಲ್ಲಿ ಹುಟ್ಟಿದವನು. ಡ್ಯುಶೆನ್ ಎಂಬ ಸ್ನಾಯು ಕ್ಷೀಣಿಸುವ ಕಾಯಿಲೆ ಅವನಿಗಿತ್ತು. ಇದು ಹೆಚ್ಚಾಗಿ ಗಂಡುಮಕ್ಕಳಿಗೆ ಬರುವ ಆನುವಂಶಿಕ ಕಾಯಿಲೆ. ಮೊದಲು ನಡಿಗೆ ಹೋಗುತ್ತದೆ, ಆಮೇಲೆ ಕೈಗಳ ಬಲ, ಕೊನೆಗೆ ಉಸಿರಾಟ ಮತ್ತು ಹೃದಯದ ಸ್ನಾಯುಗಳೂ ಸೋಲುತ್ತವೆ. ಗಾಲಿಕುರ್ಚಿಯಲ್ಲಿ ಕುಳಿತು ಅವನು ದಿನದ ಬಹುಪಾಲು ಕಂಪ್ಯೂಟರಿನಲ್ಲಿ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟ ಆಡುತ್ತಿದ್ದ. ಮಗ ಗೆಳೆಯರಿಲ್ಲದೆ, ಯಾರಿಗೂ ಬೇಡವಾಗಿ ಕಾಲ ಕಳೆದ ಎಂದು ತಂದೆ-ತಾಯಿ ಕೊರಗುತ್ತಿದ್ದರು.

2014ರಲ್ಲಿ, 25ನೆಯ ವಯಸ್ಸಿಗೆ ಅವನು ತೀರಿಕೊಂಡ. ಮಗ ಅಂತರ್ಜಾಲದಲ್ಲಿ ಬರೆಯುತ್ತಿದ್ದ ಪುಟದಲ್ಲಿ ತಂದೆ ಆ ಸುದ್ದಿ ಹಾಕಿದರು. ಯಾರೂ ಓದಲಿಕ್ಕಿಲ್ಲ ಎಂದುಕೊಂಡಿದ್ದರು. ಆದರೆ ಯುರೋಪಿನ ಬೇರೆ ಬೇರೆ ದೇಶಗಳಿಂದ ಪತ್ರಗಳು ಬರತೊಡಗಿದವು. ಅಂತ್ಯಕ್ರಿಯೆಗೆ ಆಟದ ಗೆಳೆಯರು ಬೇರೆ ದೇಶಗಳಿಂದ ಪ್ರಯಾಣ ಮಾಡಿ ಬಂದರು. ಒಬ್ಬ ತಾಯಿಗೆ ತನ್ನ ಮಗನೊಡನೆ ಮಾತು ಬೆಳೆಸಲು ಅವನು ಆಟದೊಳಗೇ ದಾರಿ ತೋರಿಸಿದ್ದ. ನೆದರ್ಲೆಂಡ್ಸ್‌ನ ಒಬ್ಬ ಹುಡುಗಿಯ ಕಂಪ್ಯೂಟರನ್ನು ಮನೆಯವರು ಕಿತ್ತುಕೊಂಡಾಗ ಅವಳು ಕುಗ್ಗಿಹೋಗಿದ್ದಳು. ಗೆಳೆಯರಿಂದ ಅವಳನ್ನು ಪೂರ್ತಿ ದೂರ ಮಾಡಬೇಡಿ ಎಂದು ಅವಳ ತಂದೆ-ತಾಯಿಗೆ ಇವನೇ ಪತ್ರ ಬರೆದಿದ್ದ. ಇವನ ಬದುಕಿನ ಕುರಿತು 2024ರಲ್ಲಿ ಒಂದು ಸಾಕ್ಷ್ಯಚಿತ್ರವೂ ಬಂತು.

ಇದು ಅಪರೂಪದ ಪ್ರಸಂಗ. ಎಲ್ಲರ ಆಟವೂ ಹೀಗಿರುವುದಿಲ್ಲ. ಆದರೂ ಮಗನ ಬಾಗಿಲ ಹೊರಗೆ ನಿಂತ ತಂದೆ-ತಾಯಿಗೆ ಒಳಗಿನದು ಎಷ್ಟು ಕಡಿಮೆ ಕಾಣುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ನಮ್ಮ ತಾಲ್ಲೂಕುಗಳಲ್ಲಿ

ನಮ್ಮ ಕಡೆಯ ಅನೇಕ ಕುಟುಂಬಗಳು ದುಡಿಮೆಗಾಗಿ ಪುಣೆ, ಮುಂಬೈ, ಗೋವಾ, ಬೆಂಗಳೂರುಗಳಿಗೆ ಗುಳೆ ಹೋಗುತ್ತವೆ. ಕಬ್ಬು ಕಡಿಯಲು ಹೋಗುವವರೂ ಇದ್ದಾರೆ. ಮಕ್ಕಳು ಅಜ್ಜ-ಅಜ್ಜಿಯರ ಬಳಿ ಉಳಿಯುತ್ತಾರೆ, ಇಲ್ಲವೇ ವರ್ಷದ ನಡುವೆ ಶಾಲೆ ಬಿಟ್ಟು ಹೊರಡುತ್ತಾರೆ. ಹೋದ ಊರಿನಲ್ಲಿ ಭಾಷೆ ಬೇರೆ, ಓಣಿ ಬೇರೆ. ಅಂಥ ಹುಡುಗನಿಗೆ ರಾತ್ರಿ ಎಂಟು ಗಂಟೆಗೆ ಆಟದಲ್ಲಿ ಊರಿನ ಮೂವರು ಗೆಳೆಯರು ಸಿಕ್ಕು, "ಊರಾಗ ಮಳಿ ಆತೇನೋ?" ಎಂದು ಕೇಳಲು ಸಾಧ್ಯವಾದರೆ ಅದು ಸಣ್ಣ ಮಾತಲ್ಲ. ಪೋಲಿಯೊ ಅಥವಾ ಅಪಘಾತದಿಂದ ಕಾಲಿನ ಶಕ್ತಿ ಕಳೆದುಕೊಂಡವರು, ತೊದಲುವವರು, ಪರೀಕ್ಷೆಯಲ್ಲಿ ನಪಾಸಾಗಿ ಓಣಿಗೆ ಮುಖ ತೋರಿಸಲು ನಾಚುವವರು, ಇವರಿಗೆಲ್ಲ ಆಟದ ಅಂಗಳದಲ್ಲಿ ಉಳಿದವರ ಸಮಕ್ಕೆ ನಿಲ್ಲಲು ಅವಕಾಶವಿದೆ. 2020ರ ಲಾಕ್‌ಡೌನ್ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ಅಜ್ಜಿ ಇಲ್ಲಿ, ಮೊಮ್ಮಗಳು ಬೆಂಗಳೂರಿನಲ್ಲಿ ಕುಳಿತು ಮೊಬೈಲಿನಲ್ಲಿ ಲೂಡೋ ಆಡಿದ್ದು ನಿಮಗೂ ನೆನಪಿರಬಹುದು.

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿದಾಗ, ಪೀಡೆ ತೊಲಗಿತು ಎಂದು ತಂದೆ-ತಾಯಿಯರು ನಿಟ್ಟುಸಿರು ಬಿಟ್ಟರು. ಹುಡುಗರು ಮಾತ್ರ ಅದೇ ತಂಡ ಕಟ್ಟಿಕೊಂಡು ಬೇರೆ ಆಟಕ್ಕೆ ಹೋದರು. ಅವರಲ್ಲಿ ಬಹಳ ಮಂದಿಗೆ ಆಟಕ್ಕಿಂತ ಜೊತೆಯವರೇ ಮುಖ್ಯವಾಗಿದ್ದರು.

ಹಾಗಾದರೆ ಕಾಯಿಲೆ ಯಾವುದು?

ಆಟದ ಗೀಳು ಎಂಬ ಕಾಯಿಲೆ ನಿಜವಾಗಿಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೆಯ ಆವೃತ್ತಿಯಲ್ಲಿ ಅದನ್ನು ಸೇರಿಸಲಾಗಿದ್ದು, ಆ ಪಟ್ಟಿ 2022ರ ಜನವರಿ 1ರಿಂದ ಜಾರಿಗೆ ಬಂದಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ಇಂಥವರಿಗಾಗಿ ಪ್ರತ್ಯೇಕ ಚಿಕಿತ್ಸಾ ಘಟಕ ಆರಂಭಿಸಿತು. ಕಾಯಿಲೆ ಎನ್ನಲು ಮೂರು ಲಕ್ಷಣಗಳಿರಬೇಕು.

1. ಯಾವಾಗ ಶುರುಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಅವನ ಹಿಡಿತದಲ್ಲಿ ಇರುವುದಿಲ್ಲ.

2. ಊಟ, ಓದು, ಸ್ನಾನ, ಮೊದಲು ಇಷ್ಟವಿದ್ದ ಕೆಲಸ ಎಲ್ಲಕ್ಕಿಂತ ಆಟವೇ ಮುಂದಾಗುತ್ತದೆ.

3. ಹಾನಿಯಾಗುತ್ತಿದೆ ಎಂದು ತಿಳಿದೂ ಆಟ ಮುಂದುವರಿಯುತ್ತದೆ, ಹೆಚ್ಚುತ್ತದೆ.

ಇವು ಸಾಮಾನ್ಯವಾಗಿ 12 ತಿಂಗಳಾದರೂ ಇದ್ದು, ಮನೆ, ಶಾಲೆ, ಕೆಲಸ ಇವುಗಳಿಗೆ ದೊಡ್ಡ ಪೆಟ್ಟು ಬಿದ್ದಿರಬೇಕು. ಆದ್ದರಿಂದ ರಜೆಯಲ್ಲಿ ಎರಡು ತಾಸು ಹೆಚ್ಚು ಆಡಿದ ಹುಡುಗನನ್ನು ರೋಗಿ ಎನ್ನಲಾಗದು. ಗಂಟೆಗಳನ್ನು ಎಣಿಸುವ ಮೊದಲು ಆಟದ ಸುತ್ತಲಿನ ಬದುಕನ್ನು ನೋಡಿರಿ. ಅವನು ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆಯೇ? ಹದಿಹರೆಯದವರಿಗೆ ಬೇಕಾದ 8ರಿಂದ 10 ತಾಸಿನ ನಿದ್ರೆ ಆಗುತ್ತಿದೆಯೇ? ಓಣಿಯಲ್ಲಿ ಒಬ್ಬನಾದರೂ ಗೆಳೆಯನಿದ್ದಾನೆಯೇ? ಆಟ ಮುಗಿಸಿ ಎದ್ದಾಗ ಮುಖ ಅರಳಿರುತ್ತದೆಯೋ, ಸಿಡುಕಿನಿಂದ ಕೂಡಿರುತ್ತದೆಯೋ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಮಾಧಾನಕರವಾಗಿದ್ದರೆ ಗಾಬರಿಪಡುವ ಕಾರಣವಿಲ್ಲ.

ಆಟದ ಗೆಳೆಯನ ಮಿತಿ

ಅತಿಯಾದರೆ ಅಮೃತವೂ ವಿಷ ಎಂಬ ಮಾತು ಗೆಳೆತನಕ್ಕೂ ಅನ್ವಯಿಸುತ್ತದೆ. ತಂಡದವರು ಕಾಯುತ್ತಿದ್ದಾರೆ, ನಾನು ಎದ್ದುಹೋದರೆ ಸೋಲುತ್ತಾರೆ ಎಂಬ ದಾಕ್ಷಿಣ್ಯಕ್ಕೆ ಸಿಕ್ಕಿ ರಾತ್ರಿ ಒಂದು ಗಂಟೆಯವರೆಗೆ ಕುಳಿತುಬಿಡುವ ಹುಡುಗರಿದ್ದಾರೆ. ನಿದ್ರೆಗೆಟ್ಟ ಹುಡುಗ ಮರುದಿನ ಪಾಠದಲ್ಲಿ ತೂಕಡಿಸುತ್ತಾನೆ, ಸಿಡಿಮಿಡಿಗೊಳ್ಳುತ್ತಾನೆ. ಅದರಿಂದ ಮನೆಯಲ್ಲಿ ಜಗಳ, ಜಗಳದಿಂದ ಮತ್ತೆ ಆಟ.

ಆ ಬದಿಗೆ ಇರುವವರೆಲ್ಲ ಸಜ್ಜನರೂ ಅಲ್ಲ. ಹುಡುಗನ ದನಿಯಲ್ಲಿ ಮಾತನಾಡುವವನು ನಲವತ್ತರವನೂ ಇರಬಹುದು. ಹೆಣ್ಣುಮಕ್ಕಳ ದನಿ ಕೇಳಿದೊಡನೆ ಹೊಲಸು ಮಾತನಾಡುವವರಿರುವುದರಿಂದ ಎಷ್ಟೋ ಹುಡುಗಿಯರು ಗಂಡು ಹೆಸರಿಟ್ಟುಕೊಂಡು, ಮಾತಿಲ್ಲದೆ ಆಡುತ್ತಾರೆ. ಫೋಟೊ, ಶಾಲೆಯ ಹೆಸರು, ಮನೆಯ ವಿಳಾಸ, ಓಟಿಪಿ, ಹಣ, ಇವುಗಳಲ್ಲಿ ಯಾವುದನ್ನು ಕೇಳಿದರೂ ಅದು ಆಟದ ಗೆಳೆತನವಲ್ಲ ಎಂದು ಮಕ್ಕಳಿಗೆ ಮೊದಲೇ ತಿಳಿಸಿ ಹೇಳಬೇಕು. "ಮನೆಯಾಗ ಹೇಳಬ್ಯಾಡ" ಎನ್ನುವ ಗೆಳೆಯನನ್ನು ಆ ದಿನವೇ ಬಿಡಬೇಕು. ಹಣ ಹೋದರೆ 1930ಕ್ಕೆ ತಡಮಾಡದೆ ಫೋನ್ ಮಾಡಿರಿ. ಮಕ್ಕಳಿಗೆ ತೊಂದರೆಯಾದರೆ 1098 ಇದೆ. ಹಣ ಪಣಕ್ಕಿಟ್ಟು ಆಡುವ ಆಟಗಳ ಮಾತೇ ಬೇರೆ. ಅವು ಜೂಜು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಅವುಗಳನ್ನು ನಿಷೇಧಿಸಿ, ಮನರಂಜನೆಯ ಆಟಗಳನ್ನು ಬೇರೆಯಾಗಿ ಗುರುತಿಸಿದೆ.

ಇನ್ನೂ ಒಂದು ಮಿತಿ ಇದೆ. ಆಟದ ಗೆಳೆಯನಿಗೆ ನಿಮ್ಮ ಮಗನ ದನಿ ಗೊತ್ತು, ಮುಖ ಗೊತ್ತಿಲ್ಲ. ಮಗ ಸೊರಗಿದ್ದು, ಕಣ್ಣು ಒಳಗೆ ಹೋದದ್ದು ಅವನಿಗೆ ಕಾಣುವುದಿಲ್ಲ. ತುರ್ತು ಬಂದರೆ ಅವನು ಬಾಗಿಲು ತಟ್ಟಲಾರ.

"ಬದುಕು ಸಾಕಾಗಿದೆ" ಎಂದಾಗ

ಇದು ಈ ಲೇಖನದ ಮುಖ್ಯ ಮಾತು. ಮಕ್ಕಳು ದಯವಿಟ್ಟು ಗಮನವಿಟ್ಟು ಓದಬೇಕು. ಮನೆಯವರಿಗೆ, ಮಾಸ್ತರರಿಗೆ, ವೈದ್ಯರಿಗೆ ಹೇಳದ ಮಾತನ್ನು ಹದಿಹರೆಯದವರು ರಾತ್ರಿಯ ಆಟದ ನಡುವೆ ಗೆಳೆಯನಿಗೆ ಹೇಳಿಬಿಡುತ್ತಾರೆ. "ಇರೋದೇ ಬ್ಯಾಡ ಅನಸ್ತದ" ಎಂಬ ಮಾತು ನಿಮ್ಮ ಕಿವಿಗೆ ಬಿದ್ದರೆ ತಮಾಷೆ ಎಂದು ತಳ್ಳಿಹಾಕಬೇಡಿ. ಬುದ್ಧಿವಾದ ಹೇಳುವ ಅವಸರವೂ ಬೇಡ. ಆಟ ನಿಲ್ಲಿಸಿ, ಕೇಳಿಸಿಕೊಳ್ಳಿ. "ಸಾಯಬೇಕು ಅನಸ್ತದೇನು?" ಎಂದು ನೇರವಾಗಿಯೇ ಕೇಳಿರಿ. ಹಾಗೆ ಕೇಳುವುದರಿಂದ ಇಲ್ಲದ ವಿಚಾರ ತಲೆಯಲ್ಲಿ ಹೊಕ್ಕೀತು ಎಂಬ ಭಯ ಬೇಡ. ಕೇಳಿದರೆ ಎದೆಯ ಭಾರ ಇಳಿಯುತ್ತದೆ. ಅವನು ಎಲ್ಲಿದ್ದಾನೆ, ಹತ್ತಿರ ಯಾರಿದ್ದಾರೆ ಎಂದು ತಿಳಿದುಕೊಳ್ಳಿರಿ.

ಆಮೇಲೆ ಆ ಮಾತನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. "ಯಾರಿಗೂ ಹೇಳಬ್ಯಾಡ" ಎಂದು ಆಣೆ ಹಾಕಿಸಿಕೊಂಡಿದ್ದರೂ ಸರಿ, ನಿಮ್ಮ ಮನೆಯ ಒಬ್ಬ ಹಿರಿಯರಿಗೆ, ಸಾಧ್ಯವಾದರೆ ಅವನ ಮನೆಯವರಿಗೆ ತಿಳಿಸಿರಿ. ಗೆಳೆತನ ಮುರಿದರೂ ಗೆಳೆಯ ಉಳಿಯುತ್ತಾನೆ. ಟೆಲಿ-ಮಾನಸ್ ಎಂಬ ಸರ್ಕಾರದ ಉಚಿತ ಸೇವೆ 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಕಷ್ಟದಲ್ಲಿರುವವನೇ ಮಾಡಬೇಕೆಂದಿಲ್ಲ, ಅವನ ಗೆಳೆಯನೂ ಮಾಡಿ ಏನು ಮಾಡಲಿ ಎಂದು ಕೇಳಬಹುದು. ಅಪಾಯ ಕೂಡಲೇ ಇದೆ ಎನ್ನಿಸಿದರೆ 112.

ಹಿರಿಯರಿಗೊಂದು ಮಾತು. ಹೊಲಕ್ಕೆ ಹೊಡೆಯುವ ಔಷಧಿಯನ್ನು ಮಲಗುವ ಮನೆಯಲ್ಲಿ, ಅಡ್ಡದ ಮೇಲೆ ಇಡಬೇಡಿ. ಬೀಗ ಹಾಕಿ, ಕೀಲಿ ನಿಮ್ಮ ಬಳಿ ಇರಲಿ. ದುಡುಕಿನ ಗಳಿಗೆ ಬಹಳ ಸಲ ಬೇಗ ದಾಟಿಹೋಗುತ್ತದೆ. ಆ ಹೊತ್ತಿಗೆ ಕೈಗೆ ಏನೂ ಸಿಗದಿದ್ದರೆ ಒಂದು ಜೀವ ಉಳಿಯುತ್ತದೆ.

ತಂದೆ-ತಾಯಿಯರು ಏನು ಮಾಡಬೇಕು?

* ಮೊಬೈಲನ್ನು ಕಸಿದು ಬಾವಿಗೆ ಒಗೆಯುವುದು, ಎಲ್ಲರ ಮುಂದೆ ಒಡೆಯುವುದು ಬೇಡ. ಹುಡುಗನಿಗೆ ಅದು ಆಟ ಹೋದಂತಲ್ಲ, ಗೆಳೆಯರೆಲ್ಲ ಒಮ್ಮೆಲೇ ಊರು ಬಿಟ್ಟುಹೋದಂತೆ. ಕಡಿಮೆ ಮಾಡುವುದಿದ್ದರೆ ಮೊದಲೇ ಹೇಳಿ, ವಾರದಿಂದ ವಾರಕ್ಕೆ ಕಡಿಮೆ ಮಾಡಿಸಿರಿ.

* "ಎಷ್ಟ ಹೊತ್ತು ಆಡ್ತೀಯೋ?" ಎಂದು ಗದರುವ ಬದಲು "ಇವತ್ತ ಆಟದಾಗ ಯಾರ್ಯಾರು ಇದ್ರು ತಮ್ಮಾ?" ಎಂದು ಕೇಳಿರಿ. ಗೆಳೆಯರ ಹೆಸರು ನಿಮಗೆ ತಿಳಿದಿರಲಿ. ಒಂದು ದಿನ ಪಕ್ಕದಲ್ಲಿ ಕುಳಿತು ನೋಡಿರಿ, ಬಂದರೆ ನೀವೂ ಆಡಿರಿ.

* ರಾತ್ರಿ ಮಲಗುವ ಒಂದು ತಾಸು ಮೊದಲು ಮನೆಯ ಎಲ್ಲ ಮೊಬೈಲುಗಳೂ ಪಡಸಾಲೆಯಲ್ಲಿ ಒಂದು ಕಡೆ ಇರಲಿ. ಅಪ್ಪನದೂ ಸೇರಿ. ಹತ್ತು ಗಂಟೆಗೆ ಏಳುತ್ತೇನೆ ಎಂದು ತಂಡದವರಿಗೆ ಮೊದಲೇ ಹೇಳುವುದನ್ನು ಹುಡುಗನಿಗೆ ಕಲಿಸಿರಿ.

* ದಿನಕ್ಕೆ ಎರಡು ತಾಸು ಬಯಲಿನ ಬೆಳಕಿನಲ್ಲಿ ಇರುವ ಮಕ್ಕಳಲ್ಲಿ ಸಮೀಪದೃಷ್ಟಿಯ ದೋಷ ಬರುವುದು ಕಡಿಮೆ. ಹೊಲಕ್ಕೆ, ಲಿಂಬೆ ತೋಟಕ್ಕೆ, ಕಬಡ್ಡಿಗೆ ಕಳಿಸಿರಿ. ಮೊಬೈಲ್ ನೋಡುವಾಗ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿದರೆ ಕಣ್ಣಿನ ಆಯಾಸ ತಗ್ಗುತ್ತದೆ.

* ಒಂದೇ ತಾಲ್ಲೂಕಿನವರು ತಂಡದಲ್ಲಿದ್ದರೆ ಜಾತ್ರೆಗೋ ಹಬ್ಬಕ್ಕೋ ಮನೆಗೆ ಕರೆಯಲು ಹೇಳಿರಿ. ಭೇಟಿ ನಿಮ್ಮ ಮನೆಯಲ್ಲಿ, ನಿಮ್ಮ ಎದುರಿಗೆ ಆಗಲಿ.

* ಮೇಲೆ ಹೇಳಿದ ಮೂರು ಲಕ್ಷಣಗಳು ಕಂಡರೆ, ಶಾಲೆ ತಪ್ಪತೊಡಗಿದರೆ, ಮಗ ಎರಡು ವಾರಕ್ಕಿಂತ ಹೆಚ್ಚು ಕಾಲ ಮಂಕಾಗಿದ್ದರೆ ವೈದ್ಯರಲ್ಲಿಗೆ ಕರೆತನ್ನಿರಿ. ಮಾನಸಿಕ ಆರೋಗ್ಯದ ಸಲಹೆ ಎಲ್ಲಿ, ಯಾವ ದಿನ ಸಿಗುತ್ತದೆ ಎಂದು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ನಿಮ್ಮ ಮಗನಿಗೋ ಮಗಳಿಗೋ ಆಟದಲ್ಲಿ ಒಳ್ಳೆಯ ಗೆಳೆಯರು ಸಿಕ್ಕಿದ್ದರೆ ಸಂತೋಷಪಡಿರಿ. ಆದರೆ ಅವರ ಕಷ್ಟ ಆ ಗೆಳೆಯರಿಗೆ ಮಾತ್ರ ಗೊತ್ತಿದ್ದು ನಿಮಗೆ ಗೊತ್ತಿಲ್ಲದಂತೆ ಆಗಬಾರದು. ಇಂದು ರಾತ್ರಿ ಊಟಕ್ಕೆ ಕುಳಿತಾಗ ಆ ಗೆಳೆಯರ ಸುದ್ದಿ ಕೇಳಿರಿ. ಮೊದಲ ದಿನ ಒಂದೇ ಮಾತಿನ ಉತ್ತರ ಬಂದರೂ ಬೇಸರಿಸಬೇಡಿ. ನಾಳೆ ಮತ್ತೆ ಕೇಳಿರಿ.